ಬಿ ಸೈಡಿನ ಕೊನೇ ಹಾಡು

"ಇನ್ನೊಂದು ಸುತ್ತು ಬಿಗಿ ಕಣ್ಲಾ ಬೆಟ್ಟಸ್ವಾಮಿ, ತಲೆ ನಿಲ್ತಿಲ್ಲ," ಎಂದರು ಚನ್ನವೀರಯ್ಯ.

ಬೆಟ್ಟಸ್ವಾಮಿ ಬಿಳಿ ಬಟ್ಟೆಯ ಪಟ್ಟಿಯನ್ನು ನಾಗೇಶನ ಹಣೆಯ ಮೇಲಿಂದ ಕುರ್ಚಿಯ ಹಿಂದಕ್ಕೆ ಎಳೆದು ಗಂಟು ಹಾಕಿದ. ತಲೆ ನೆಟ್ಟಗಾಯಿತು. ಹಾರ ಸರಿಮಾಡಿ, ವಿಭೂತಿ ಅಳಿಸಿದ ಕಡೆ ಮತ್ತೆ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುವಷ್ಟರಲ್ಲಿ ಸೆಟೆದ ಕುತ್ತಿಗೆ ಪಟ್ಟಿಯನ್ನೂ ಎಳೆದುಕೊಂಡು ಮೆಲ್ಲಗೆ ಬಲಕ್ಕೆ ವಾಲಿತು. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ.

ಮಂಗಳಗೌರಿ ಜಗಲಿಯ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು. ಬಿಡಿ, ಅವರು ಕೂರುವುದೇ ಹಾಗೆ ಎಂದು ಹೇಳಬೇಕೆನಿಸಿತು. ತುಮಕೂರಿನ ಸತ್ಯಮಂಗಲದ ಕಾರ್ಖಾನೆ ಶೆಡ್ಡಿನಲ್ಲಿ ಮೂವತ್ತು ವರ್ಷ ಪವರ್ ಪ್ರೆಸ್ಸಿನ ಪಕ್ಕ ನಿಂತು ವಾಷರು ಒತ್ತಿಸಿದ ಗಂಡನ ಎಡಗಿವಿ ಯಾವತ್ತೋ ಹೋಗಿತ್ತು. ಏನನ್ನೇ ಕೇಳಬೇಕಾದರೂ ತಲೆಯನ್ನು ಬಲಕ್ಕೆ ವಾಲಿಸುವ ಅಭ್ಯಾಸ. ನಿನ್ನೆ ಮಧ್ಯಾಹ್ನ ಅದೇ ಶೆಡ್ಡಿನ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದವನು ಕುಸಿದು ಬಿದ್ದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಬ್ಬಿಯನ್ನು ಮಾತ್ರ ಯಾರೋ ಪುಣ್ಯಾತ್ಮರು ಪೂರ್ತಿ ತೊಳೆದು, ಮುಚ್ಚಳ ಹಾಕಿ, ಮನೆಗೆ ತಂದುಕೊಟ್ಟಿದ್ದರು.

ಅಪ್ಪ ಅಮ್ಮನ ಗದ್ದುಗೆಗಳಿರುವ ತೆಂಗಿನ ತೋಟದಲ್ಲೇ ಅವನದೂ ಆಗಲಿ ಎಂದು ಅಣ್ಣ ಚನ್ನವೀರಯ್ಯ ಹೇಳಿದ್ದರಿಂದ ಬೆಳಿಗ್ಗೆ ತುಮಕೂರಿನ ಶೆಟ್ಟಿಹಳ್ಳಿಯಿಂದ ಹಾಗಲವಾಡಿಗೆ ತಂದಿದ್ದರು. ಕುಲದ ಪದ್ಧತಿಯಂತೆ ಹೆಣವನ್ನು ಮಲಗಿಸುವಂತಿಲ್ಲ. ಕೂರಿಸಿ, ಸಿಂಗರಿಸಿ, ಕೂತ ಹಾಗೆಯೇ ಗುಂಡಿಗೆ ಇಳಿಸಬೇಕು. ಬೆಟ್ಟಸ್ವಾಮಿಯ ಭಜನೆ ತಂಡ ಹಾರ್ಮೋನಿಯಂ, ತಾಳ, ಮೈಕು ಎಲ್ಲ ಹೊತ್ತು ತಂದು ಅಂಗಳದಲ್ಲಿ ಕೂತಿತ್ತು.

"ಒಂದಿನ ದನಿ ಎತ್ತಿ ಮಾತಾಡ್ದೋನಲ್ಲ ಕಣವ್ವ," ಎಂದಳು ಸುಬ್ಬಲಕ್ಷ್ಮಮ್ಮ.

ಊರಿನಲ್ಲಿ ಯಾರೇ ಸತ್ತರೂ ಹಾಡಿಕೊಂಡು ಅಳಲು ಈ ಮುದುಕಿಯೇ ಬರಬೇಕು. ಎಂಬತ್ತರ ಹತ್ತಿರ ಬಂದಿದ್ದರೂ ಗಂಟಲು ಕೆಟ್ಟಿರಲಿಲ್ಲ. ಬೆಳಿಗ್ಗೆ ಎರಡು ಸುತ್ತು ಅತ್ತು, ಈಗ ಎಲೆಅಡಿಕೆ ಹಾಕಿಕೊಂಡು ವಿಶ್ರಾಂತಿಯಲ್ಲಿದ್ದಳು. ಅವಳಿಗೆ ಅವಳದೇ ಕಷ್ಟ.

"ಬಂದ್ರೆ ಬಂದ ಅಂತ ಗೊತ್ತಾಗ್ತಿರ್ಲಿಲ್ಲ, ಹೋದ್ರೆ ಹೋದ ಅಂತ ಗೊತ್ತಾಗ್ತಿರ್ಲಿಲ್ಲ. ಇಂಥೋನ್ನ ಏನಂತ ಹಾಡ್ಕೊಂಡು ಅಳ್ಲಿ ಹೇಳು? ಅವರಪ್ಪ ಕುಸ್ತಿ ಆಡ್ತಿದ್ದ, ಅದ್ನ ಹಾಡ್ದೆ. ಅವರವ್ವ ಹತ್ತೂರಿಗೆ ಹೆರಿಗೆ ಮಾಡ್ಸಿದ್ಲು, ಅದ್ನ ಹಾಡ್ದೆ. ಇವನ್ದು ಒಂದಾದ್ರೂ ಎದ್ದು ಕಾಣ್ಬೇಕಲ್ಲ."

"ನಮ್ ಆಂಪ್ಲಿಫೈಯರ್ ರಿಪೇರಿ ಮಾಡ್ತಿದ್ದ ಅಂತ ಹಾಡಜ್ಜಿ," ಎಂದ ಬೆಟ್ಟಸ್ವಾಮಿ. ತಮಾಷೆಗೆ ಹೇಳಿದ್ದಲ್ಲ. ನಾಗೇಶ ಊರಿಗೆ ಬಂದಾಗಲೆಲ್ಲ ಭಜನೆ ತಂಡದ ಆ ಹಳೇ ಪೆಟ್ಟಿಗೆಯನ್ನು ಬಿಚ್ಚಿ, ಊದಿ, ಬೆಸುಗೆ ಹಾಕಿ ಕೊಟ್ಟು ಹೋಗುತ್ತಿದ್ದ.

ದನಿಯೇ ಇಲ್ಲದವನಂತೆ! ಮಂಗಳಗೌರಿಗೆ ಅಷ್ಟು ದುಃಖದಲ್ಲೂ ಸಿಟ್ಟು ಬಂತು. ಇವರಿಗೇನು ಗೊತ್ತು. ಇವರು ಯಾರೂ ಭಾನುವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಲ್ಲಿ ಇದ್ದವರಲ್ಲ.

ಹನ್ನೆರಡರ ಹೊತ್ತಿಗೆ ಗುಬ್ಬಿಯಿಂದ ಸ್ಕೂಟರಿನಲ್ಲಿ ಏಜಾಜ್ ಅಹಮದ್ ಬಂದ, ಹಿಂದೆ ಅವನ ಹೆಂಡತಿ ಹಜರಾ ಬೀ. ನಾಗೇಶನಿಗೆ ಓದುವ ಕಾಲದಿಂದ ಇದ್ದ ಒಬ್ಬನೇ ಗೆಳೆಯ. ಒಂದು ಕಾಲದಲ್ಲಿ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ, ಈಗ ಅದೇ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾನೆ. ಗೆಳೆಯನ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತ. ಆಮೇಲೆ ಜೇಬಿನಿಂದ ಏನನ್ನೋ ತೆಗೆದು ಚನ್ನವೀರಯ್ಯನವರ ಹತ್ತಿರ ಹೋದ.

"ಅಣ್ಣಾ, ಇದನ್ನ ಅವನ ಜತೆ ಒಳಗೆ ಇಡಬೋದಾ?"

"ಏನಪ್ಪಾ ಅದು?"

"ಕ್ಯಾಸೆಟ್ಟು. ಅವನ್ದೇ."

ಚನ್ನವೀರಯ್ಯ ಕನ್ನಡಕ ಏರಿಸಿ ನೋಡಿದರು. "ಗುಂಡಿಗೆ ವಿಭೂತಿ, ಪತ್ರೆ ಬಿಟ್ಟು ಇನ್ನೇನೂ ಹಾಕಂಗಿಲ್ಲ ಕಣಪ್ಪ. ಪ್ಲಾಸ್ಟಿಕ್ಕು ಗಿಸ್ಟಿಕ್ಕು ಆಗಲ್ಲ. ಬೇಜಾರ್ ಮಾಡ್ಕೋಬೇಡ."

"ಇಲ್ಲ ಬಿಡಿ ಅಣ್ಣ," ಎಂದು ಏಜಾಜ್ ಅದನ್ನು ಜೇಬಿಗೆ ಇಟ್ಟುಕೊಂಡ. ಅಷ್ಟರಲ್ಲಿ ಮಂಗಳಗೌರಿ ನೋಡಿಬಿಟ್ಟಿದ್ದಳು. ನೀಲಿ ಕಾಗದ, ಅದರ ಮೂಲೆಯಲ್ಲಿ ಕಾಫಿ ಲೋಟದ ತಳದ ಗುರುತು. ನಾಲ್ಕು ವರ್ಷವಾಗಿತ್ತು ಅದನ್ನು ಕಂಡು.

* * *

ಮದುವೆಯಾಗಿ ಕುಣಿಗಲ್ಲಿನಿಂದ ತುಮಕೂರಿಗೆ ಬಂದ ಮೊದಲ ಭಾನುವಾರ. ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ ಮಂಗಳಗೌರಿ, ನಡುಮನೆಯಲ್ಲಿ ಗಂಡಸೊಬ್ಬ ಪ್ರಾಣ ಹೋಗುವಂತೆ ಕಿರುಚಿದ್ದು ಕೇಳಿ ಬೆರಳು ಕುಯ್ದುಕೊಂಡಳು. ಓಡಿಬಂದು ನೋಡಿದರೆ ಹೊಸ ಗಂಡ ಸ್ಟೂಲಿನ ಮೇಲಿನ ಟೇಪ್ ರೆಕಾರ್ಡರಿಗೆ ಬಲಗಿವಿ ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದ.

"ಏನ್ರೀ ಇದು? ಯಾರನ್ನ ಕೊಲ್ತಾ ಇದಾರೆ?"

"ಯಾರ್ನೂ ಇಲ್ಲ. ಹಾಡು ಇದು. ಹೆವಿ ಮೆಟಲ್ ಅಂತಾರೆ. ರೋಡ್ರಿಕ್ ವೇಲ್ ಅಂತ, ಇಂಗ್ಲೆಂಡ್ನೋನು. ಪ್ರಪಂಚಕ್ಕೆಲ್ಲ ಗೊತ್ತು."

"ನಂಗೊತ್ತಿಲ್ಲಪ್ಪ. ಕೂಗುಮಾರಿ ಇದ್ದಂಗಿದಾನೆ."

ಕುಣಿಗಲ್ಲಿನಲ್ಲಿ ಅವಳ ಅಜ್ಜಿ ಹೇಳುತ್ತಿದ್ದ ಕೂಗುಮಾರಿ ಮನೆಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಿತ್ತು. ಓಗೊಟ್ಟರೆ ಕತೆ ಮುಗಿಯಿತು. ನಾಗೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿನಿಂದ ಆ ಮನೆಯಲ್ಲಿ ಆ ಜಗತ್ಪ್ರಸಿದ್ಧ ಗಾಯಕನಿಗೆ ಅದೇ ಹೆಸರು ನಿಂತಿತು. "ಗೌರಿ, ಕೂಗುಮಾರಿ ಹಾಕ್ಲಾ?" ಎಂದು ಕೇಳಿಯೇ ಅವನು ಗುಂಡಿ ಒತ್ತುತ್ತಿದ್ದುದು.

ಆ ಕ್ಯಾಸೆಟ್ಟಿಗೂ ಒಂದು ಚರಿತ್ರೆ ಇತ್ತು. ಆಗೆಲ್ಲ ಬೇಕಾದ ಹಾಡಿನ ಪಟ್ಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಏಜಾಜನ ಅಂಗಡಿಗೆ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದ. ನಾಗೇಶ ಎರಡು ತಿಂಗಳು ಕೂತು, ಬರೆದು, ಹೊಡೆದುಹಾಕಿ, ಕೂಗುಮಾರಿಯ ಹಾಡುಗಳಲ್ಲೇ ಅತ್ಯುತ್ತಮವಾದ ಹದಿನಾಲ್ಕನ್ನು ಆರಿಸಿದ್ದ. ಸಿಹಿಯನ್ನು ಕೊನೆಗೆ ತಿನ್ನುವ ಜಾತಿಯವನು. ಎಲ್ಲಕ್ಕಿಂತ ಒಳ್ಳೆಯದನ್ನು ಕೊನೆಗೆ ಬರೆದಿದ್ದ. ತೊಂಬತ್ತು ನಿಮಿಷದಲ್ಲಿ ಇಷ್ಟು ಹಿಡಿಸುವುದಿಲ್ಲ, ಒಂದು ಬಿಡು ಎಂದನಂತೆ ಏಜಾಜ್. ನಾಗೇಶ ಬಸ್ ಸ್ಟ್ಯಾಂಡಿಗೆ ಮೂರು ಸುತ್ತು ಹಾಕಿ ಬಂದು, "ಯಾವ್ದೂ ಬಿಡಕ್ಕಾಗಲ್ಲ ಕಣೋ, ಹೆಂಗಾದ್ರೂ ತುರುಕು," ಎಂದನಂತೆ. ಏಜಾಜ್ ತುರುಕಿದ. ಒಂದು ಹಾಡಿನ ಬಾಲದ ಮೇಲೆ ಇನ್ನೊಂದು ಹಾಡಿನ ತಲೆ ಬಂತು. ಆದರೂ ಬಿ ಸೈಡಿನ ಕೊನೇ ಹಾಡು ಮೂರು ನಿಮಿಷ ನಡೆದು, ಗಾಯಕ ಎಲ್ಲಕ್ಕಿಂತ ಉದ್ದವಾಗಿ ಕೂಗಲು ತೊಡಗಿದ ಗಳಿಗೆಯಲ್ಲೇ ಟೇಪು ಮುಗಿದು ಟಕ್ ಎಂದಿತು. ಮೂಲ ಕ್ಯಾಸೆಟ್ಟುಗಳು ಅಷ್ಟರಲ್ಲಿ ಬೆಂಗಳೂರಿನ ಯಾರದೋ ಮನೆಗೆ ವಾಪಸು ಹೋಗಿದ್ದವು. ಒಂದನ್ನೂ ಬಿಡಲಾಗದವನಿಗೆ ಎಲ್ಲಕ್ಕಿಂತ ಒಳ್ಳೆಯದೇ ಅರ್ಧ ಸಿಕ್ಕಿತು.

ನಾಗೇಶನಿಗೆ ಅದರ ಕೊರಗು ಇದ್ದ ಹಾಗೆ ಕಾಣಲಿಲ್ಲ. ಟೇಪು ಟಕ್ ಎಂದ ಕೂಡಲೇ ಅವನು ಆ ಕೂಗನ್ನು ತುಂಡಾದ ಕಡೆಯಿಂದಲೇ ಎತ್ತಿಕೊಂಡು, ಕತ್ತಿನ ನರ ಉಬ್ಬಿಸಿ, ಉಸಿರು ಇರುವವರೆಗೂ ಎಳೆದು, ಕೊನೆಗೆ ಅದೇ ರಾಗದಲ್ಲಿ ಮುಗಿಸುತ್ತಿದ್ದ: "ಗೌ…ರೀ… ಕಾಫೀ!"

"ನಿಮ್ ಕೂಗುಮಾರಿ ಮನೆ ಹಾಳಾಗ," ಎಂದು ಬೈಯುತ್ತಲೇ ಅವಳು ಹಾಲು ಇಡುತ್ತಿದ್ದಳು. ಇಂಗ್ಲಿಷು ಬಾರದ ಅವಳು ಹದಿನಾಲ್ಕು ಹಾಡಿಗೂ ತನ್ನದೇ ಹೆಸರು ಕೊಟ್ಟಿದ್ದಳು. ಬಾಗಿಲು ಬಡಿಯೋದು, ಹಲ್ಲುನೋವಿಂದು, ರೈಲು, ಹಾಲು ಉಕ್ಕೋದು. ರೈಲಿಗೆ ಮಗಳು ಸಂಧ್ಯಾ ತೊಟ್ಟಿಲಲ್ಲಿ ನಿದ್ದೆ ಹೋಗುತ್ತಿದ್ದಳು. ಕೊನೆಯದು ನಿಧಾನಕ್ಕೆ, ಆಳದಲ್ಲೆಲ್ಲೋ ಶುರುವಾಗಿ ಮೇಲೆ ಮೇಲೆ ಬರುವ ಹಾಡು. ಅದಕ್ಕೆ ಅವಳು ಇಟ್ಟ ಹೆಸರು ಬಾವಿಗೆ ಬಿದ್ದೋನ ಹಾಡು. ವರ್ಷ ಎರಡು ಕಳೆಯುವುದರೊಳಗೆ ಹೇಗಾಯಿತೆಂದರೆ ಅವನು ಕಾಫಿ ಕೇಳುವವರೆಗೆ ಅವಳು ಕಾಯುತ್ತಲೇ ಇರಲಿಲ್ಲ. ಟೇಪು ಟಕ್ ಎಂದರೆ ಸಾಕು, ಕೂತಲ್ಲಿಂದ ಎದ್ದಿರುತ್ತಿದ್ದಳು. ಸೊಪ್ಪು ಬಿಡಿಸುತ್ತಿರಲಿ, ತಲೆ ಬಾಚಿಕೊಳ್ಳುತ್ತಿರಲಿ, ಕಾಲು ತಾನಾಗಿ ಅಡುಗೆಮನೆಗೆ ನಡೆಯುತ್ತಿತ್ತು.

ಮಗಳು ಪಿಯುಸಿಗೆ ಬಂದಾಗ ಫೋನಿನಲ್ಲಿ ಆ ಹಾಡನ್ನು ಪೂರ್ತಿ ಹುಡುಕಿ ಕೇಳಿಸಿದಳು. ನಾಗೇಶ ಬಲಗಿವಿ ಕೊಟ್ಟು ಕೊನೆಯವರೆಗೂ ಕೇಳಿ ಫೋನು ವಾಪಸು ಕೊಟ್ಟ.

"ಚೆನ್ನಾಗಿದೆ ಕಣಮ್ಮ. ಆದ್ರೆ ನಮ್ಮದರ ಥರ ಇಲ್ಲ. ಕೊನೇಲಿ ಕಾಫಿನೇ ಇಲ್ವಲ್ಲ."

* * *

ಹಜರಾ ಬೀ ಹೆಂಗಸರ ನಡುವೆ ಜಾಗ ಮಾಡಿಕೊಂಡು ಬಂದು ಮಂಗಳಗೌರಿಯ ಕೈ ಹಿಡಿದು ಕೂತಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದೇ ಒಂದು ಸಮಾಧಾನ.

"ಆ ಕ್ಯಾಸೆಟ್ಟು ನಿಮ್ಮತ್ರ ಇತ್ತಾ?" ಎಂದು ಮಂಗಳಗೌರಿಯೇ ಕೇಳಿದಳು.

ಹಜರಾ ಬೀ ಅವಳ ಮುಖ ನೋಡಿದಳು. "ನಿಮಗೆ ಗೊತ್ತಿರ್ಲಿಲ್ವಾ ಅಕ್ಕ? ನೀವೇ ಮನೇಲಿ ಬೇಡ ಅಂದ್ರಂತೆ."

* * *

ಹೌದು, ಅವಳೇ ಬೇಡ ಅಂದದ್ದು. ಕುಣಿಗಲ್ಲಿನಲ್ಲಿ ಅವಳ ತಾಯಿ ತೀರಿಕೊಂಡಾಗ ನಾಗೇಶ ಮಣ್ಣಿಗೆ ಬಂದು, ಎರಡು ದಿನ ಇದ್ದು, ಶೆಡ್ಡಿನಲ್ಲಿ ರಜೆ ಇಲ್ಲವೆಂದು ವಾಪಸು ಹೋಗಿದ್ದ. ಕಾಲೇಜಿದೆ ಎಂದು ಮಗಳು ಹಾಸ್ಟೆಲ್ಲಿಗೆ ಹೋದಳು. ಮಂಗಳಗೌರಿ ಶಿವಗಣಾರಾಧನೆ ಮುಗಿಸಿಕೊಂಡು ಹನ್ನೊಂದು ದಿನವಾದ ಮೇಲೆ, ಸಂಜೆ ಬರುತ್ತೇನೆಂದು ಹೇಳಿ ಬೆಳಿಗ್ಗೆಯೇ ಬಂದುಬಿಟ್ಟಳು. ಭಾನುವಾರ. ಬೀದಿ ತಿರುಗುವಾಗಲೇ ಬಾವಿಗೆ ಬಿದ್ದವನ ಹಾಡು ಕೇಳಿಸುತ್ತಿತ್ತು. ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಟೇಪು ಟಕ್ ಎಂದಿತು. ಬೆನ್ನು ಹಾಕಿ ಕೂತಿದ್ದ ಗಂಡ ಕತ್ತೆತ್ತಿ ಕೂಗಿದ: "ಗೌ…ರೀ… ಕಾಫೀ!"

ಅವಳ ಮೈಯೆಲ್ಲ ಉರಿದುಹೋಯಿತು.

"ನಮ್ಮವ್ವ ಸತ್ತು ಹನ್ನೊಂದು ದಿನ ಆಗಿದೆ ಅಷ್ಟೆ, ನಿಮಗೆ ಹಾಡು ಬೇಕಾ? ಕಾಫಿ ಬೇಕಾ?"

ನಾಗೇಶ ತಿರುಗಿ ನೋಡಿ ಎದ್ದು ನಿಂತ. "ಅಲ್ಲ ಗೌರಿ, ನೀನು…"

"ಇನ್ಮೇಲೆ ಈ ಮನೇಲಿ ಇದು ಕೇಳಿಸ್ಕೂಡ್ದು. ನಾನು ಸತ್ತ ಮೇಲೆ ಹಾಕ್ಕೊಳಿ. ಬೇಕಾದ್ರೆ ನನ್ನ ಹೆಣದ ಮುಂದೇನೇ ಹಾಕ್ಕೊಳಿ."

ಅವನು ಟೇಪ್ ರೆಕಾರ್ಡರಿನ ವೈರು ಕಿತ್ತು ಸುತ್ತಿಟ್ಟ. ಮಾರನೇ ದಿನ ಸ್ಟೂಲು ಖಾಲಿ ಇತ್ತು. ಎಲ್ಲಿ ಎಂದು ಅವಳು ಕೇಳಲಿಲ್ಲ.

ಸಿಟ್ಟು ಎಷ್ಟು ದಿನ ಇರುತ್ತದೆ? ಎರಡು ವಾರಕ್ಕೆ ಇಳಿದುಹೋಯಿತು. ಮೂರನೇ ಭಾನುವಾರ ಅವಳು ಬೇಗ ಎದ್ದು ಹಾಲು ಕಾಯಿಸಿ, ಡಿಕಾಕ್ಷನ್ ಹಾಕಿ, ಗಂಡ ಈಗ ಕೇಳುತ್ತಾನೆ, ಕೂಗುಮಾರಿ ಹಾಕ್ಲಾ ಅಂತಾನೆ, ಏನೋ ಮಾಡ್ಕೊಳಿ ಅನ್ನೋಣ ಎಂದು ಕಾದಳು. ಅವನು ಪೇಪರ್ ಓದಿದ. ಕಾಫಿಯನ್ನು ಅವಳೇ ತಂದಿಟ್ಟಳು. ಅವನು ಕುಡಿದ. ಅದಾದ ಮೇಲೆ ಪ್ರತಿ ಭಾನುವಾರವೂ ಹಾಗೆಯೇ. ಕಳೆದ ಯುಗಾದಿಯ ದಿನ ಒಬ್ಬಟ್ಟು ಬಡಿಸುತ್ತ, ಆ ನಿಮ್ಮ ಕೂಗುಮಾರಿ ಎಲ್ಲಿ ಹೋದ್ನೋ ಎಂದು ಕೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದಳು. ಮಾತು ಅಲ್ಲೇ ಉಳಿಯಿತು.

* * *

"ಹದಿನೈದು ದಿನಕ್ಕೊಂದ್ಸಲ ಭಾನುವಾರ ಬರೋರು," ಎಂದಳು ಹಜರಾ ಬೀ. "ನಮ್ಮನೆ ವರಾಂಡದಲ್ಲಿ ಕೂತು ಎರಡೂ ಸೈಡು ಕೇಳೋರು. ಕೊನೇಲಿ ಕೂಗೋರು, ಗೌರಿ ಕಾಫಿ ಅಂತ. ಮೊದಲ್ನೇ ಸಲ ನಂಗೆ ನಗು ಬಂತು. ಅಣ್ಣ, ಗೌರಿ ತುಮಕೂರಲ್ಲವ್ರೆ, ಇಲ್ಲಿ ಚಾ ಸಿಗುತ್ತೆ ಅಂದೆ. ಆಯ್ತಮ್ಮ, ಚಾನೇ ಕೊಡು ಅಂದ್ರು. ಕೂಗೋದು ಮಾತ್ರ ಬಿಡ್ಲಿಲ್ಲ."

ಹದಿನೈದು ದಿನಕ್ಕೊಮ್ಮೆ ಗುಬ್ಬಿಗೆ ಹೋಗುತ್ತಿದ್ದುದು ಅವಳಿಗೂ ಗೊತ್ತಿತ್ತು. ಗೆಳೆಯನ ಮಂಡಿನೋವು ನೋಡಿಕೊಂಡು ಬರುತ್ತೇನೆ ಎನ್ನುತ್ತಿದ್ದ.

ಏಜಾಜ್ ಜಗಲಿಯ ಕೆಳಗೆ ನಿಂತೇ ಹೇಳಿದ. "ಮನೆಗೆ ತಗೊಂಡೋಗೋ ಮಾರಾಯ ಅಂತ ನಾನೂ ಸುಮಾರು ಸಲ ಅಂದೆ ಅಕ್ಕ. ಬ್ಯಾಡ ಕಣೋ, ಅವರಮ್ಮನ ಸಾವಲ್ಲಿ ನಾನು ಅವಳ ಮನಸ್ಸು ನೋಯಿಸ್ದೆ, ಅವಳೇ ಒಂದು ಮಾತು ಕೇಳ್ಲಿ, ಅವತ್ತೇ ತಗೊಂಡೋಗ್ತೀನಿ ಅಂತಿದ್ದ. ಇನ್ನೊಂದು ಹೇಳ್ದ. ನೀವು ಕುಣಿಗಲ್ಲಲ್ಲಿ ಇದ್ರಲ್ಲ, ಅಷ್ಟು ದಿನ ಮನೆ ಬಿಕೋ ಅನ್ನೋದಂತೆ. ಕೆಲಸದಿಂದ ಬಂದು ದಿನಾ ಆ ಕೊನೇ ಹಾಡು ಹಾಕ್ಕೊಂಡು ನಿಮ್ಮನ್ನ ಕೂಗೋನಂತೆ. ಹೆಸರು ಕೂಗಿದ್ರೆ ಮನೇಲಿ ಯಾರೋ ಇದಾರೆ ಅನ್ಸುತ್ತೆ ಕಣೋ ಅಂದ."

ಅವತ್ತು ಬಾಗಿಲಲ್ಲಿ ನಿಂತ ಮಂಗಳಗೌರಿಗೆ ಅವನು ಕಾಫಿ ಕೇಳಿದ್ದು ಕೇಳಿಸಿತ್ತು. ಖಾಲಿ ಮನೆಯಲ್ಲಿ ಯಾರೂ ಕಾಫಿ ಕೇಳುವುದಿಲ್ಲ ಎಂಬುದು ಹೊಳೆದೇ ಇರಲಿಲ್ಲ. ಅವನು ನಾಲ್ಕು ವರ್ಷ ಅವಳ ಒಂದು ಮಾತಿಗೆ ಕಾದ, ಅವಳು ನಾಲ್ಕು ವರ್ಷ ಅವನ ಒಂದು ಮಾತಿಗೆ ಕಾದಳು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮಂಚದ ಮೇಲೆ. ಬೆಳಿಗ್ಗೆಯಿಂದ ಜನ ನೋಡಲೆಂದು ಅತ್ತದ್ದೆಲ್ಲ ಅಳುವೇ ಆಗಿರಲಿಲ್ಲ. ಈಗ ಅವಳು ಹಜರಾ ಬೀಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು.

* * *

ಮೂರು ಗಂಟೆಗೆ ಭಜನೆಯೊಂದಿಗೆ ಹೊರಟು, ಮೂರೂವರೆಗೆ ತೋಟ ಸೇರಿದರು. ಟ್ರ್ಯಾಕ್ಟರಿನ ಮೇಲೆ ಬೆಟ್ಟಸ್ವಾಮಿಯ ಆಂಪ್ಲಿಫೈಯರು, ಎರಡು ಸ್ಪೀಕರು. ಗುಂಡಿಯ ಪಕ್ಕ ನಾಗೇಶನ ಕುರ್ಚಿ ಇಳಿಸಿದರು. ಪೂಜೆ ಮಾಡಿಸಲು ಬಂದಿದ್ದ ಅಯ್ಯನವರು ಮಂತ್ರ ಹೇಳಿ ಮುಗಿಸಿ, "ಕಟ್ಟು ಬಿಚ್ಚಿ, ಇಳಿಸಣ," ಎಂದರು. ಹಣೆಯ ಪಟ್ಟಿ ಬಿಚ್ಚಿದ ಕೂಡಲೇ ತಲೆ ಬಲಕ್ಕೆ ವಾಲಿತು. ಸಂಧ್ಯಾ ತಾಯಿಯ ಮಡಿಲಿಗೆ ಬಿಲ್ವಪತ್ರೆ ಹಾಕಿ, "ಎಲ್ಲಾ ಆದ್ಮೇಲೆ ನೀನು ಹಾಕ್ಬೇಕಂತೆ ಅಮ್ಮ, ಕೂತಿರು," ಎಂದಳು.

"ಭಾವ, ಒಂದು ನಿಮಿಷ," ಎಂದಳು ಮಂಗಳಗೌರಿ.

ಎಲ್ಲರೂ ತಿರುಗಿದರು.

"ಅವರ ಹಾಡು ಹಾಕ್ಬೇಕು. ಏಜಾಜಣ್ಣನ ಹತ್ರ ಇದೆ."

ಚನ್ನವೀರಯ್ಯನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆ ಇಂಗ್ಲಿಷ್ ಕಿರುಚಾಟನಾ? ಗೌರಮ್ಮ, ಊರು ನೋಡ್ತಾ ಇದೆ. ಭಜನೆ ಆಗೋ ಜಾಗದಲ್ಲಿ ಅದನ್ನ ಹಾಕುದ್ರೆ ಏನಂದಾರು? ನೀನೇ ಅದನ್ನ ಮನೆಯಿಂದ ಆಚೆಗೆ ಹಾಕ್ಸಿದ್ದಲ್ವಾ? ಅವನೇ ಒಂದ್ಸಲ ನನ್ಹತ್ರ ಹೇಳಿದ್ದ."

"ಹೂಂ ಭಾವ, ನಾನೇ ಹಾಕ್ಸಿದ್ದು. ನಾನು ಸತ್ತ ಮೇಲೆ ಹಾಕ್ಕೊಳಿ ಅಂದಿದ್ದೆ. ಅವರೇ ಮೊದ್ಲು ಹೋಗ್ಬಿಟ್ರು. ನಾನು ಹಾಕಿ ಅನ್ನೋ ತನಕ ಅವರು ಹಾಕ್ತಿರ್ಲಿಲ್ಲ. ಈಗ ಅಂತಾ ಇದೀನಿ. ಇಷ್ಟು ಜನದ ಮುಂದೆ ಅಂತಾ ಇದೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಹಾಕ್ಸಿ."

ಚನ್ನವೀರಯ್ಯ ಅಯ್ಯನವರ ಕಡೆ ನೋಡಿದರು. ಅಯ್ಯನವರು ಆಕಾಶದ ಕಡೆ ನೋಡಿದರು.

"ಎಷ್ಟೊತ್ತು ಬರುತ್ತೆ ಅದು?" ಎಂದು ಅಯ್ಯನವರೇ ಕೇಳಿದರು.

"ಮೂರು ನಿಮಿಷ ಸ್ವಾಮೇರೆ," ಎಂದ ಏಜಾಜ್. "ಆಮೇಲೆ ಟೇಪು ಮುಗಿಯುತ್ತೆ."

"ಮೂರು ನಿಮಿಷ ತಾನೆ. ಹೊತ್ತು ಮುಳುಗಕ್ಕೆ ಇನ್ನೂ ಟೈಮ್ ಐತೆ. ಹಾಕ್ರಪ್ಪ."

"ನಾನು ಫೋನಲ್ಲಿ ಹಾಕ್ತೀನಿ, ಪೂರ್ತಿ ಬರುತ್ತೆ," ಎಂದಳು ಸಂಧ್ಯಾ.

"ಅದು ಬೇಡಮ್ಮ. ನಮ್ದೇ ಹಾಕ್ಬೇಕು," ಎಂದಳು ಮಂಗಳಗೌರಿ.

ಬೆಟ್ಟಸ್ವಾಮಿಯ ಪೆಟ್ಟಿಗೆ ಎಷ್ಟು ಹಳೆಯದೆಂದರೆ ಅದಕ್ಕಿನ್ನೂ ಕ್ಯಾಸೆಟ್ ಹಾಕುವ ಬಾಯಿ ಇತ್ತು. ಒಳಗಿನ ಬೆಲ್ಟು ಹರಿದು ಅದು ಎಂದೋ ನಿಂತುಹೋಗಬೇಕಿತ್ತು. ಹೋದ ವರ್ಷ ನಾಗೇಶನೇ ರಬ್ಬರ್ ಬ್ಯಾಂಡು ಸಿಕ್ಕಿಸಿ ತಿರುಗುವಂತೆ ಮಾಡಿದ್ದ. ಏಜಾಜ್ ಕ್ಯಾಸೆಟ್ಟಿನ ತೂತಿಗೆ ಪೆನ್ನು ತೂರಿಸಿ, ಬಿಸಿಲಿಗೆ ಹಿಡಿದು, ಎರಡು ಕಡೆಯ ಸುರುಳಿಯ ದಪ್ಪ ನೋಡುತ್ತ ಒಂದಿಷ್ಟು ಸುತ್ತಿದ. ಇನ್ನೊಂದಿಷ್ಟು ಸುತ್ತಿದ. ಎಷ್ಟೋ ವರ್ಷದ ಹಿಂದಿನ ಕೆಲಸವನ್ನು ಅವನ ಕಣ್ಣು ಮರೆತಿರಲಿಲ್ಲ.

ಬೆಟ್ಟಸ್ವಾಮಿ ಒಂದು ಸ್ಪೀಕರನ್ನು ಕೆಳಗಿಳಿಸಿ ಕುರ್ಚಿಯ ಪಕ್ಕ ಇಟ್ಟ.

"ಆ ಕಡೆ ಬೇಡ," ಎಂದಳು ಮಂಗಳಗೌರಿ. "ಬಲಗಡೆ ಇಡಪ್ಪ. ಎಡಗಡೆ ಅವರಿಗೆ ಕೇಳ್ಸಲ್ಲ."

ಬೆಟ್ಟಸ್ವಾಮಿ ಸ್ಪೀಕರು ಎತ್ತಿ ಬಲಗಡೆಗೆ ತಂದಿಟ್ಟು, ಅಂಗೈಯಿಂದ ಅದರ ಧೂಳು ಒರೆಸಿದ.

ಮೊದಲು ಬರೀ ಟೇಪಿನ ಸದ್ದು. ಆಮೇಲೆ ಗಿಟಾರು ಎಲ್ಲೋ ಬಹಳ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿದಂತೆ ಬಂತು. ಹಿಂದೆ ನಗಾರಿಯಂಥ ಏಟು, ನಿಧಾನವಾಗಿ, ಪ್ರೆಸ್ಸು ಬಿದ್ದೆದ್ದ ಹಾಗೆ. ಆಮೇಲೆ ಆ ದನಿ. ಹಳೇ ಟೇಪಿನಲ್ಲಿ ಅದು ಇನ್ನಷ್ಟು ಒರಟಾಗಿತ್ತು. ಒಂದಿಬ್ಬರು ಹುಡುಗಿಯರು ಕಿವಿ ಮುಚ್ಚಿಕೊಂಡರು. ಭಜನೆಯವರು ತಾಳ ಕೈಯಲ್ಲಿ ಹಿಡಿದು ಸುಮ್ಮನೆ ನಿಂತರು. ಚನ್ನವೀರಯ್ಯ ನೆಲ ನೋಡುತ್ತಿದ್ದರು. ದನಿ ಮೇಲೆ ಬಂತು, ಇನ್ನೂ ಮೇಲೆ ಬಂತು, ಎದೆ ಬಿರಿಯುವ ಹಾಗೆ ಕೂಗಿತು.

ಸುಬ್ಬಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಕೋಲೂರಿಕೊಂಡು ಮುಂದೆ ಬಂದಳು.

"ಯಾರವ್ವಾ ಇವನು?" ಎಂದು ಪಕ್ಕದವಳನ್ನು ಕೇಳಿದಳು. "ಎಂಗ್ ಅಳ್ತಾವ್ನೆ ನೋಡು. ನಾನು ಇಷ್ಟು ವರ್ಷ ಅತ್ತಿವ್ನಿ, ಹಿಂಗ್ ಅಳಕ್ಕೆ ನಂಗೂ ಆಗ್ನಿಲ್ಲ."

ಚನ್ನವೀರಯ್ಯ ಹ್ಞೂಂಗುಟ್ಟಿದರು. ಟವೆಲಿನಿಂದ ಮುಖ ಮುಚ್ಚಿಕೊಂಡರು, ಹೆಗಲು ಅಲುಗಿತು. ಏಜಾಜ್ ಟ್ರ್ಯಾಕ್ಟರಿನ ಗಾಲಿಗೆ ಕೈಯಿಟ್ಟು ನಿಂತಿದ್ದ. ನಾಗೇಶ ತಲೆಯನ್ನು ಬಲಕ್ಕೆ ವಾಲಿಸಿ ಕೂತಿದ್ದ. ಈ ಸಲ ಯಾರೂ ಅದನ್ನು ಸರಿ ಮಾಡಲು ಹೋಗಲಿಲ್ಲ.

ಮಂಗಳಗೌರಿ ಗುಂಡಿಯ ಅಂಚಿನಲ್ಲಿ ಮಡಿಲ ತುಂಬ ಪತ್ರೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ಅವಳಿಗೆ ಪ್ರತಿ ತಿರುವೂ ಗೊತ್ತಿತ್ತು. ಈಗ ಗಿಟಾರು ಸುಮ್ಮನಾಗುತ್ತದೆ. ಈಗ ಅವನು ಉಸಿರು ಎಳೆದುಕೊಳ್ಳುತ್ತಾನೆ. ಈಗ ಆ ಉದ್ದದ ಕೂಗು. ಕೂಗು ಎದ್ದಿತು, ತೆಂಗಿನ ಸಾಲಿನ ಆಚೆಗೂ ಹೋಯಿತು, ಇನ್ನೂ ಏರುವುದಿತ್ತು.

ಟಕ್.

ಎಲ್ಲರೂ ಮುಂದೇನು ಎಂದು ಕಾದರು. ಏಜಾಜ್ ತಲೆ ತಗ್ಗಿಸಿದ. ಹಜರಾ ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಮ್ಮಾ, ಎಲ್ಲಿಗೆ?" ಎಂದಳು ಸಂಧ್ಯಾ.

ಮಂಗಳಗೌರಿ ಕಣ್ಣು ಬಿಟ್ಟಳು. ಅವಳು ಎದ್ದು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಒಂದು ಹೆಜ್ಜೆ ಆಗಲೇ ಮನೆಯ ದಾರಿಗೆ ಇಟ್ಟಾಗಿತ್ತು, ಮಡಿಲಲ್ಲಿದ್ದ ಪತ್ರೆಯೆಲ್ಲ ಕಾಲ ಸುತ್ತ ಚೆಲ್ಲಿಬಿದ್ದಿತ್ತು.